ನಲವತ್ತು ಸಾವಿರದ ಗೆರೆ

ಗೃಹಸ್ಥರ ಗಮನಕ್ಕೆ



ಸಂಸಾರ ನಡೆಸುವವರಿಗೆ ಉಪಯೋಗವಾಗುವ ಲೆಕ್ಕಾಚಾರದ ಸಂಗತಿಗಳನ್ನು ಈ ಅಂಕಣದಲ್ಲಿ ತಿಂಗಳಿಗೊಂದರಂತೆ ವಿಚಾರಿಸುತ್ತ ಬಂದಿದ್ದೇವೆ. ಮನೆ ಕಟ್ಟುವ ಸಾಲ, ಮಕ್ಕಳ ವಿದ್ಯಾಭ್ಯಾಸದ ವೆಚ್ಚ, ಹಿರಿಯರ ಆರೋಗ್ಯ ವಿಮೆ ಮೊದಲಾದವುಗಳ ಸಾಲಿನಲ್ಲಿ ಈ ಸಲ ಕಾರಿನ ತೆರಿಗೆಯನ್ನು ಎತ್ತಿಕೊಂಡಿದ್ದೇನೆ. ಅದೂ ನಮ್ಮ ನಾಡಿನ ತೆರಿಗೆಯಲ್ಲ, ಬ್ರಿಟನ್ನಿನದು. ಅಲ್ಲಿಯ ತೆರಿಗೆಯನ್ನು ಕಟ್ಟಿಕೊಂಡು ನಮಗೇನಾಗಬೇಕಾಗಿದೆ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಒಬ್ಬ ಮಗನೋ, ಮಗಳೋ, ಅಳಿಯನೋ ಆ ನಾಡಿನಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಮನೆಯ ಲೆಕ್ಕವೂ ನಮ್ಮ ಮನೆಯ ಲೆಕ್ಕವೇ. ಅಲ್ಲದೆ ಆ ತೆರಿಗೆಯ ಒಳಗಡೆ ಅಡಗಿರುವ ಒಂದು ತೊಡಕು ನಮ್ಮ ಕರ್ನಾಟಕದ ತೆರಿಗೆಯಲ್ಲಿಯೂ ಉಂಟೆಂಬುದು ವಿಚಾರಿಸುತ್ತ ಹೋದಂತೆ ನನಗೆ ತಿಳಿಯಿತು.

ದಾಳಿಂಬೆ ಬಣ್ಣದ ಕಾರು

ನನ್ನ ತಂಗಿಯ ಮಗ ಇಂಗ್ಲೆಂಡಿನ ಒಂದು ಊರಿನಲ್ಲಿ ವೈದ್ಯನಾಗಿದ್ದಾನೆ. ಹೆಂಡತಿ, ಇಬ್ಬರು ಮಕ್ಕಳು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ತಂದೆತಾಯಿಗಳು ಧಾರವಾಡದಿಂದ ಹೋಗಿ ಅವನ ಜೊತೆಗೆ ಇರುತ್ತಾರೆ. ಆರು ಮಂದಿ ಒಟ್ಟಿಗೆ ಎಲ್ಲಿಯಾದರೂ ಹೋಗಬೇಕಾದರೆ ಎರಡು ಗಾಡಿ ಬೇಕಾಗುತ್ತಿತ್ತು. ಆದ್ದರಿಂದ ಏಳು ಮಂದಿ ಕೂಡುವಂಥ ಒಂದು ಪೆಟ್ರೋಲ್ ಕಾರನ್ನು ಕೊಳ್ಳುವುದೆಂದು 2023ರ ಬೇಸಗೆಯಲ್ಲಿ ನಿಶ್ಚಯಿಸಿದನು. ಕಂಪನಿಯ ಬೆಲೆಪಟ್ಟಿಯಲ್ಲಿ ಅದಕ್ಕೆ 39,450 ಪೌಂಡು ಎಂದಿತ್ತು.

ಬಣ್ಣದ ಮಾತು ಬಂದಾಗ ಅವನು ತಾಯಿಗೆ ಫೋನು ಮಾಡಿ ಕೇಳಿದನು. ಬಿಳಿಯ ಬಣ್ಣಕ್ಕೆ ಬೇರೆ ಹಣ ಕೊಡಬೇಕಾಗಿರಲಿಲ್ಲ. ನನ್ನ ತಂಗಿ, “ಬಿಳೀದು ಬ್ಯಾಡಪ್ಪಾ, ಆಸ್ಪತ್ರಿ ಗಾಡಿ ಕಂಡಂಗ ಕಾಣಸ್ತದ. ದಾಳಿಂಬರಿ ಬಣ್ಣದ್ದು ತಗೋ” ಎಂದಳು. ಆ ಹೊಳಪಿನ ಕೆಂಪು ಬಣ್ಣಕ್ಕೆ 650 ಪೌಂಡು ಹೆಚ್ಚು. ತಾಯಿಯ ಮಾತು ಮೀರಬಾರದೆಂದು ಮಗ ಒಪ್ಪಿದನು. ಅಲ್ಲಿಗೆ ಬೆಲೆಪಟ್ಟಿಯ ಲೆಕ್ಕ 40,100 ಪೌಂಡಿಗೆ ಬಂದಿತು. ಷೋರೂಮಿನವರೊಡನೆ ಚೌಕಾಸಿ ಮಾಡಿ 2,500 ಪೌಂಡು ಇಳಿಸಿಕೊಂಡು, 37,600 ಕೊಟ್ಟು ಕಾರನ್ನು ಮನೆಗೆ ತಂದನು. ಒಳ್ಳೆಯ ವ್ಯಾಪಾರವಾಯಿತೆಂದು ಎಲ್ಲರಿಗೂ ಸಂತೋಷ.

ಒಂದು ವರ್ಷ ಕಳೆಯಿತು. 2024ರ ಜೂನ್ ತಿಂಗಳಲ್ಲಿ ಎರಡನೆಯ ವರ್ಷದ ತೆರಿಗೆಯ ಕಾಗದ ಬಂದಿತು. ಹೆಚ್ಚೆಂದರೆ 190 ಪೌಂಡು ಇದ್ದೀತೆಂದುಕೊಂಡಿದ್ದವನಿಗೆ ಕಂಡದ್ದು 600 ಪೌಂಡು. ನಮ್ಮ ಲೆಕ್ಕದಲ್ಲಿ ಅರವತ್ತು ಸಾವಿರ ರೂಪಾಯಿಗೂ ಹೆಚ್ಚು. ತಪ್ಪಿ ಬಂದಿರಬೇಕೆಂದು ವಿಚಾರಿಸಿದರೆ ತಪ್ಪೇನೂ ಇರಲಿಲ್ಲ. “ಮಾಮಾ, ನಾನು ನಲವತ್ತು ಸಾವಿರ ಕೊಟ್ಟೇ ಇಲ್ಲ. ಆದರೂ ನಲವತ್ತು ಸಾವಿರ ಮೀರಿದ ಕಾರು ಎಂದು ತೆರಿಗೆ ಹಾಕಿದ್ದಾರೆ ನೋಡ್ರಿ. ಇನ್ನೂ ನಾಲ್ಕು ವರ್ಷ ಹೀಗೆಯೇ ಕಟ್ಟಬೇಕಂತೆ” ಎಂದು ನನಗೆ ಫೋನಿನಲ್ಲಿ ಹೇಳಿದನು. ಅವನ ಧ್ವನಿಯಲ್ಲಿ ಹಣ ಹೋಯಿತೆಂಬುದಕ್ಕಿಂತ ಮೋಸಹೋದೆನೆಂಬ ನೋವೇ ಹೆಚ್ಚಾಗಿತ್ತು. ಆದರೆ ಅವನಿಗೆ ಯಾರೂ ಮೋಸ ಮಾಡಿರಲಿಲ್ಲ. ಕಾನೂನಿನ ಗೆರೆ ಎಲ್ಲಿದೆಯೆಂಬುದನ್ನು ಅವನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಈ ತೆರಿಗೆ ಹೇಗೆ ನಡೆಯುತ್ತದೆ

ಬ್ರಿಟನ್ನಿನಲ್ಲಿ ಜನ ಇದನ್ನು ರಸ್ತೆ ತೆರಿಗೆ ಎಂದೇ ಕರೆಯುತ್ತಾರೆ. ಕಾನೂನಿನಲ್ಲಿ ಅದು ವಾಹನದ ಮೇಲಿನ ಅಬಕಾರಿ ಸುಂಕ. ಇದನ್ನು ವಸೂಲು ಮಾಡುವ ಕಚೇರಿ ವೇಲ್ಸ್ ಪ್ರಾಂತದ ಸ್ವಾನ್‌ಸೀ ನಗರದಲ್ಲಿದೆ. 1921ರಿಂದ 2014ರವರೆಗೆ ತೆರಿಗೆ ಕಟ್ಟಿದ ಗುರುತಿಗೆ ಒಂದು ದುಂಡನೆಯ ಕಾಗದದ ಬಿಲ್ಲೆಯನ್ನು ಕಾರಿನ ಮುಂಗಾಜಿಗೆ ಅಂಟಿಸಬೇಕಾಗಿತ್ತು. 2014ರ ಅಕ್ಟೋಬರ್ 1ರಿಂದ ಆ ಬಿಲ್ಲೆ ಇಲ್ಲವಾಗಿ ಎಲ್ಲವೂ ಗಣಕಯಂತ್ರದ ಲೆಕ್ಕವಾಯಿತು.

2017ರ ಏಪ್ರಿಲ್ 1ರಂದು ಈಗಿನ ಕ್ರಮ ಜಾರಿಗೆ ಬಂದಿತು. ಆ ದಿನದಿಂದೀಚೆಗೆ ನೋಂದಣಿಯಾದ ಕಾರುಗಳಿಗೆ ಮೂರು ಬಗೆಯ ತೆರಿಗೆಗಳಿವೆ. ಮೊದಲನೆಯ ವರ್ಷ ಕಾರು ಉಗುಳುವ ಹೊಗೆಯ ಪ್ರಮಾಣವನ್ನು ನೋಡಿ ತೆರಿಗೆ. ಹೊಗೆಯೇ ಇಲ್ಲದ ಕಾರಿಗೆ 2025-26ರಲ್ಲಿ ಇದು ಕೇವಲ 10 ಪೌಂಡು. ಅತಿ ಹೆಚ್ಚು ಹೊಗೆಯ ಕಾರಿಗೆ 5,490 ಪೌಂಡು. ಎರಡನೆಯ ವರ್ಷದಿಂದ ಎಲ್ಲ ಕಾರುಗಳಿಗೂ ಒಂದು ಸಾಮಾನ್ಯ ದರ. 2017ರಲ್ಲಿ 140 ಪೌಂಡು ಇದ್ದ ಈ ದರ 2025-26ರಲ್ಲಿ 195 ಆಯಿತು. ಮೂರನೆಯದೇ ನಮ್ಮ ವಿಷಯ. ಬೆಲೆಪಟ್ಟಿಯ ಬೆಲೆ 40,000 ಪೌಂಡನ್ನು ಮೀರಿದ ಕಾರಿಗೆ ಎರಡನೆಯ ವರ್ಷದಿಂದ ಆರನೆಯ ವರ್ಷದವರೆಗೆ, ಅಂದರೆ ಐದು ವರ್ಷ, ಸಾಮಾನ್ಯ ದರದ ಮೇಲೆ ಒಂದು ಹೆಚ್ಚುವರಿ ತೆರಿಗೆ. 2017ರಲ್ಲಿ ಇದು 310 ಪೌಂಡು ಇತ್ತು. 2024-25ರಲ್ಲಿ 410, 2025-26ರಲ್ಲಿ 425 ಆಯಿತು. 2025-26ರಲ್ಲಿ ಸಾಮಾನ್ಯ ದರವನ್ನು ಸೇರಿಸಿದರೆ ವರ್ಷಕ್ಕೆ 620 ಪೌಂಡು. ಐದು ವರ್ಷಗಳಲ್ಲಿ ಹೆಚ್ಚುವರಿ ತೆರಿಗೆಯೊಂದೇ 2,000 ಪೌಂಡನ್ನು ಮೀರುತ್ತದೆ.

ಇಲ್ಲಿ ಮೂರು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, ಲೆಕ್ಕಕ್ಕೆ ಬರುವುದು ನಾವು ಕೊಟ್ಟ ಹಣವಲ್ಲ. ರಿಯಾಯಿತಿಗೆ ಮೊದಲು ಕಂಪನಿ ಪ್ರಕಟಿಸಿದ ಬೆಲೆ. ಚೌಕಾಸಿ ಮಾಡಿ ಎಷ್ಟು ಇಳಿಸಿಕೊಂಡರೂ ತೆರಿಗೆಯ ಕಣ್ಣಿಗೆ ಕಾರು ಇಳಿಯುವುದಿಲ್ಲ. ಎರಡನೆಯದು, ಆ ಬೆಲೆಯಲ್ಲಿ ಮಾರಾಟ ತೆರಿಗೆಯೂ, ಕಾರನ್ನು ತಲುಪಿಸುವ ಖರ್ಚೂ, ನೋಂದಣಿಗೆ ಮೊದಲೇ ಕಂಪನಿಯವರು ಸೇರಿಸಿಕೊಟ್ಟ ಬಣ್ಣ, ಗಾಜಿನ ಚಾವಣಿ, ದೊಡ್ಡ ಚಕ್ರ ಮುಂತಾದ ಅಲಂಕಾರಗಳೂ ಸೇರುತ್ತವೆ. ಮೂರನೆಯದು, ತೆರಿಗೆ ಕಾರಿನ ಬೆನ್ನು ಬಿಡುವುದಿಲ್ಲ. ಮೂರು ವರ್ಷದ ಹಳೆಯ ಕಾರನ್ನು ಅರ್ಧ ಬೆಲೆಗೆ ಕೊಂಡವನೂ, ಅದು ಹೊಸದಿದ್ದಾಗ ಗೆರೆ ದಾಟಿದ್ದರೆ, ಉಳಿದ ವರ್ಷಗಳ ಹೆಚ್ಚುವರಿ ತೆರಿಗೆಯನ್ನು ಕಟ್ಟಲೇಬೇಕು. ಹತ್ತೊಂಬತ್ತು ಸಾವಿರ ಕೊಟ್ಟವನೂ ತೆರಿಗೆಯ ದೃಷ್ಟಿಯಲ್ಲಿ ನಲವತ್ತು ಸಾವಿರದವನೇ.

ನನ್ನ ಸೋದರಳಿಯನ ಕಾರು ಗೆರೆಯನ್ನು ದಾಟಿದ್ದು ನೂರೇ ಪೌಂಡಿನಿಂದ. ಬಿಳಿಯ ಬಣ್ಣವನ್ನೇ ಒಪ್ಪಿದ್ದರೆ ಅವನ ಕಾರು 550 ಪೌಂಡು ಗೆರೆಯ ಕೆಳಗೇ ನಿಲ್ಲುತ್ತಿತ್ತು. 650 ಪೌಂಡಿನ ಬಣ್ಣ ಅದರ ಮೂರು ಪಟ್ಟಿಗೂ ಮಿಕ್ಕ ತೆರಿಗೆಯನ್ನು ಹಿಂದೆ ಕಟ್ಟಿಕೊಂಡು ಬಂದಿತು.

ಉದ್ದೇಶ ಕೆಟ್ಟದ್ದಲ್ಲ

ಇಷ್ಟು ಕೇಳಿದ ಮೇಲೆ ಈ ತೆರಿಗೆಯೇ ಅನ್ಯಾಯವೆಂದು ಹೇಳಿಬಿಡುವುದು ಸುಲಭ. ಆದರೆ ಅದರ ಮೂಲವನ್ನು ನೋಡದೆ ತೀರ್ಪು ಕೊಡಬಾರದು.

ಉಳ್ಳವನ ವಾಹನ ಹೆಚ್ಚು ಕೊಡಲಿ ಎಂಬ ವಿಚಾರ ಆ ನಾಡಿನಲ್ಲಿ ಬಹಳ ಹಳೆಯದು. ಹದಿನೆಂಟನೆಯ ಶತಮಾನದಲ್ಲಿಯೇ ಅಲ್ಲಿ ಶ್ರೀಮಂತರ ಸಾರೋಟುಗಳ ಮೇಲೆ ಸುಂಕವಿತ್ತು. ಅರ್ಥಶಾಸ್ತ್ರದ ಆದ್ಯರಲ್ಲಿ ಒಬ್ಬನೆನಿಸಿದ ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದೇ ಮಾತನ್ನು ಎತ್ತಿದ್ದಾನೆ. ಸರಕು ಹೊರುವ ಬಂಡಿಗಿಂತ ಭೋಗದ ಗಾಡಿಯ ಮೇಲೆ ಹೆಚ್ಚು ಸುಂಕ ಹಾಕಿದರೆ, ಶ್ರೀಮಂತರ ಆಡಂಬರದಿಂದಲೇ ಬಡವರಿಗೆ ಉಪಕಾರವಾಗುತ್ತದೆಂಬುದು ಅವನ ಅಭಿಪ್ರಾಯದ ಸಾರ. ಸರಕು ಸಾಗಿಸುವ ವೆಚ್ಚ ಇಳಿದರೆ ಬಡವನ ಹೊಟ್ಟೆಗೆ ಬೀಳುವ ಧಾನ್ಯದ ಬೆಲೆಯೂ ಇಳಿಯುತ್ತದೆ. ಈ ತರ್ಕವನ್ನು ನಮ್ಮ ಹಳ್ಳಿಯ ಯಜಮಾನರಿಗೆ ಹೇಳಿದರೂ ತಲೆದೂಗುವರು.

ಮೋಟಾರು ಬಂದ ಮೇಲೆ, 1920ರ ಕಾನೂನಿನಿಂದ, ವಾಹನಗಳ ತೆರಿಗೆಯನ್ನು ರಸ್ತೆಗಾಗಿಯೇ ಕೂಡಿಡುವ ಒಂದು ನಿಧಿ ಏರ್ಪಟ್ಟಿತು. ಆದರೆ ಹಣ ಕೂಡಿದ ಕಡೆಗೆ ಖಜಾನೆಯ ಕಣ್ಣು ಬೀಳದೆ ಇರುತ್ತದೆಯೇ? 1926ರಲ್ಲಿ, ಮುಂದೆ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್ ಹಣಕಾಸು ಸಚಿವರಾಗಿದ್ದಾಗ, ಆ ನಿಧಿಗೆ ಕೈಹಾಕಿದರು. 1937ರಲ್ಲಿ ತೆರಿಗೆಗೂ ರಸ್ತೆಗೂ ಇದ್ದ ನೇರ ಸಂಬಂಧ ಕಡಿಯಿತು. ಹೀಗಾಗಿ ಹೆಸರಿಗೆ ಅದು ರಸ್ತೆ ತೆರಿಗೆಯಾಗಿ ಉಳಿದರೂ, ಸಲ್ಲುವುದು ಸರಕಾರದ ಸಾಮಾನ್ಯ ಬೊಕ್ಕಸಕ್ಕೆ.

2001ರಿಂದ ಹೊಸ ಕಾರುಗಳಿಗೆ ಹೊಗೆಯ ಪ್ರಮಾಣವೇ ತೆರಿಗೆಯ ಅಳತೆಗೋಲಾಯಿತು. ಕಡಿಮೆ ಹೊಗೆಯ ಕಾರಿಗೆ ಕಡಿಮೆ ತೆರಿಗೆ, ಕೆಲವಕ್ಕೆ ತೆರಿಗೆಯೇ ಇಲ್ಲ. ಇದರಿಂದ ಒಳ್ಳೆಯದೂ ಆಯಿತು, ಒಂದು ವಿಪರ್ಯಾಸವೂ ಹುಟ್ಟಿತು. ತಯಾರಕರು ಕಡಿಮೆ ಹೊಗೆಯ ಯಂತ್ರಗಳನ್ನು ಮಾಡತೊಡಗಿದ ಹಾಗೆಲ್ಲ ತೆರಿಗೆ ಕಟ್ಟುವ ಹೊಸ ಕಾರುಗಳು ಕಡಿಮೆಯಾದವು. ದುಬಾರಿ ಹೊಸ ಕಾರು ಕೊಳ್ಳುವ ಧನಿಕ ಏನೂ ಕೊಡದೆ ಪಾರಾಗುತ್ತಿದ್ದನು. ಹಳೆಯ ಕಾರನ್ನೇ ಓಡಿಸುವ ಕೂಲಿಕಾರನು ನೂರಾರು ಪೌಂಡು ಕಟ್ಟುತ್ತಿದ್ದನು. ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ 2015ರ ಜುಲೈ ಬಜೆಟ್ಟಿನಲ್ಲಿ ಈ ವಿಪರ್ಯಾಸವನ್ನು ಎತ್ತಿ ತೋರಿಸಿ, 2017ರಿಂದ ಜಾರಿಗೆ ಬರುವಂತೆ ಹೊಸ ಕ್ರಮವನ್ನು ಘೋಷಿಸಿದರು. ನಲವತ್ತು ಸಾವಿರದ ಗೆರೆ ಎಳೆದದ್ದು ಆಗ. ಅಂದು ನಲವತ್ತು ಸಾವಿರ ಪೌಂಡಿನ ಕಾರೆಂದರೆ ನಿಜವಾಗಿಯೂ ಶ್ರೀಮಂತರ ಕಾರು.

ಆದ್ದರಿಂದ ಉದ್ದೇಶದಲ್ಲಿ ದೋಷವಿಲ್ಲ. ಶಕ್ತಿಯಿದ್ದವನು ಹೆಚ್ಚು ಹೊರಲಿ ಎಂಬುದು ಎಲ್ಲ ನ್ಯಾಯಗಳಿಗೂ ಒಪ್ಪುವ ಮಾತು. ದೋಷವಿರುವುದು ಗೆರೆಯನ್ನು ಎಳೆದ ರೀತಿಯಲ್ಲಿ.

ಗೆರೆಯ ಮೂರು ದೋಷಗಳು

ಒಂದು, ಗೆರೆ ಕದಲಲಿಲ್ಲ. 2017ರಿಂದ ತೆರಿಗೆಯ ದರ ಬೆಲೆಯೇರಿಕೆಯನ್ನು ಅನುಸರಿಸಿ 310ರಿಂದ 425ಕ್ಕೆ ಏರಿತು. ಗೆರೆ ಮಾತ್ರ ನಲವತ್ತು ಸಾವಿರದಲ್ಲಿಯೇ ನಿಂತಿತು. ಆ ಅವಧಿಯಲ್ಲಿ ಬ್ರಿಟನ್ನಿನ ಬೆಲೆಗಳು ಎಷ್ಟು ಏರಿದವೆಂದರೆ, 2017ರ ನಲವತ್ತು ಸಾವಿರಕ್ಕೆ ಸಮನಾದ ಮೊತ್ತ 2025ರ ಹೊತ್ತಿಗೆ ಐವತ್ತು ಸಾವಿರವನ್ನು ದಾಟಿತ್ತು. ಕೊಡುವ ಕೈಗೆ ಬೆಲೆಯೇರಿಕೆಯ ಲೆಕ್ಕ ಹಿಡಿದು, ಬಿಡುವ ಕೈಗೆ ಹಿಡಿಯದಿರುವುದು ಯಾವ ಅಂಗಡಿಯಲ್ಲಿಯೂ ಸಲ್ಲದ ತಕ್ಕಡಿ. ಶ್ರೀಮಂತರಿಗೆಂದು ಎಳೆದ ಗೆರೆಯೊಳಗೆ ಹೀಗೆ ವೈದ್ಯರು, ಶಿಕ್ಷಕರು, ಮಕ್ಕಳೊಂದಿಗರು ತಾವಾಗಿ ಬಂದು ಬಿದ್ದರು. ಅವರು ಶ್ರೀಮಂತರಾಗಲಿಲ್ಲ, ಪೌಂಡು ಬಡವಾಯಿತು.

ಎರಡು, ಗೆರೆಯ ಬಳಿ ಮೆಟ್ಟಿಲಿಲ್ಲ, ಕಂದಕವಿದೆ. 40,000 ಪೌಂಡಿನ ಕಾರಿಗೆ ಹೆಚ್ಚುವರಿ ತೆರಿಗೆ ಸೊನ್ನೆ. 40,001 ಪೌಂಡಿನದಕ್ಕೆ ಪೂರ್ತಿ ಮೊತ್ತ. ಒಂದು ಪೌಂಡಿನ ಅಂತರಕ್ಕೆ ಎರಡು ಸಾವಿರ ಪೌಂಡಿನ ದಂಡ. ಇದನ್ನರಿತ ತಯಾರಕರು ಕಾರುಗಳಿಗೆ 39,990, 39,995 ಎಂದು ಬೆಲೆ ಕಟ್ಟುವುದುಂಟು. ಬಾಟಾ ಅಂಗಡಿಯ ಚಪ್ಪಲಿಯ ಬೆಲೆಯನ್ನು ನೋಡಿ ಬೆಳೆದ ನಮಗೆ ಇದು ಹೊಸತಲ್ಲ. ಆದರೆ ಚಪ್ಪಲಿಗೆ ಐದು ಪೈಸೆ ಹೆಚ್ಚಾದರೆ ಐದು ಪೈಸೆಯೇ ಹೋಗುತ್ತದೆ; ಇಲ್ಲಿ ಹಾಗಲ್ಲ.

ಮೂರು, ಗೆರೆಯ ಆಚೆಗೆ ಎಲ್ಲರೂ ಸಮಾನರು. 2025-26ರಲ್ಲಿ 40,100 ಪೌಂಡಿನ ಕಾರಿಗೂ 425, ನಾಲ್ಕು ಲಕ್ಷ ಪೌಂಡಿನ ಕಾರಿಗೂ ಅದೇ 425. ಮೊದಲನೆಯವನಿಗೆ ಅದು ಕಾರಿನ ಬೆಲೆಯಲ್ಲಿ ನೂರಕ್ಕೆ ಒಂದು. ಎರಡನೆಯವನಿಗೆ ಸಾವಿರಕ್ಕೆ ಒಂದು. ಧನಿಕನನ್ನು ಹಿಡಿಯಲೆಂದು ಹೊರಟ ತೆರಿಗೆ ಗೃಹಸ್ಥನನ್ನು ಬಿಗಿಯಾಗಿ ಹಿಡಿದು ಧನಿಕನನ್ನು ಬೆರಳಿನಿಂದ ಮುಟ್ಟಿ ಬಿಡುತ್ತದೆ. ಹೊಗೆ ಹೆಚ್ಚಿದ್ದರೆ ಮೊದಲ ವರ್ಷದಲ್ಲಿ ಧನಿಕ ಹೆಚ್ಚು ಕೊಡುತ್ತಾನೆಂಬುದು ನಿಜ. ಆದರೆ ಅದು ಹೊಗೆಯ ಲೆಕ್ಕ, ಬೆಲೆಯ ಲೆಕ್ಕವಲ್ಲ.

ಈ ದೋಷಗಳಲ್ಲಿ ಮೊದಲನೆಯದು ಸರಕಾರದ ಗಮನಕ್ಕೂ ಬಂದಂತಿದೆ. ಆದರೆ ವಿದ್ಯುತ್ ಕಾರುಗಳ ಮಟ್ಟಿಗೆ ಮಾತ್ರ. ವಿದ್ಯುತ್ ಕಾರುಗಳ ಕಥೆ ಹಾವು ಏಣಿ ಆಟದಂತೆ ನಡೆದಿದೆ. 2017ರಿಂದ ಅವುಗಳಿಗೂ ಹೆಚ್ಚುವರಿ ತೆರಿಗೆಯಿತ್ತು. 2020ರ ಏಪ್ರಿಲ್‌ನಿಂದ ವಿನಾಯಿತಿ ಸಿಕ್ಕಿತು. 2025ರ ಏಪ್ರಿಲ್ 1ರಿಂದ ಹೊಸದಾಗಿ ನೋಂದಣಿಯಾಗುವ ವಿದ್ಯುತ್ ಕಾರುಗಳನ್ನು ಮತ್ತೆ ಅದರೊಳಗೆ ಸೇರಿಸಿದರು. ಬ್ಯಾಟರಿಯ ವೆಚ್ಚದಿಂದಾಗಿ ಇಂಥ ಕಾರುಗಳ ಬೆಲೆಯೇ ಹೆಚ್ಚು. ಆದ್ದರಿಂದ ಸಾಧಾರಣ ಕುಟುಂಬದ ವಿದ್ಯುತ್ ಕಾರುಗಳೂ ಗೆರೆಯನ್ನು ದಾಟಿಬಿಟ್ಟವು. ಹೊಗೆಯಿಲ್ಲದ ಕಾರು ಕೊಳ್ಳಿರೆಂದು ಒಂದು ಬಾಯಿಂದ ಹೇಳಿ, ಕೊಂಡವರಿಗೆ ದುಬಾರಿ ಕಾರಿನವರೆಂದು ತೆರಿಗೆ ಹಾಕುವುದು ಹೇಗೆಂಬ ಆಕ್ಷೇಪ ಎದ್ದಿತು. ಹಣಕಾಸು ಸಚಿವೆ ರೇಚಲ್ ರೀವ್ಸ್ ಅವರು ಮಂಡಿಸಿದ 2025ರ ನವೆಂಬರ್ ಬಜೆಟ್ಟಿನಲ್ಲಿ, 2026ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳಿಗೆ ಮಾತ್ರ ಗೆರೆಯನ್ನು 50,000 ಪೌಂಡಿಗೆ ಏರಿಸುವುದಾಗಿ ಪ್ರಕಟಿಸಲಾಯಿತು. ಪೆಟ್ರೋಲ್, ಡೀಸೆಲ್ ಕಾರುಗಳಿಗೆ ನಲವತ್ತು ಸಾವಿರದ ಗೆರೆ ಹಾಗೆಯೇ ಉಳಿಯಿತು.

ಬೇರೆ ದಾರಿಯುಂಟು

ಗೆರೆಯನ್ನು ಹೀಗೆಯೇ ಎಳೆಯಬೇಕೆಂದೇನೂ ಇಲ್ಲ. ಆಸ್ಟ್ರೇಲಿಯದಲ್ಲಿ 2000ದ ಜುಲೈ 1ರಿಂದ ದುಬಾರಿ ಕಾರುಗಳ ಮೇಲೆ ತೆರಿಗೆಯಿದೆ. 2008ರಿಂದ ಅದರ ದರ ನೂರಕ್ಕೆ 33. ಕೇಳಲು ಬಹಳ ಕಠಿಣ. ಆದರೆ ಅಲ್ಲಿ ತೆರಿಗೆ ಬೀಳುವುದು ಗೆರೆಯ ಮೇಲಿನ ಭಾಗಕ್ಕೆ ಮಾತ್ರ. ಗೆರೆಯನ್ನು ನೂರು ಡಾಲರಿನಷ್ಟು ದಾಟಿದವನು ಆ ನೂರು ಡಾಲರಿನ ಲೆಕ್ಕವನ್ನು ಕೊಟ್ಟರೆ ಸಾಕು; ಲಕ್ಷ ಡಾಲರಿನಷ್ಟು ದಾಟಿದವನು ಲಕ್ಷದ ಲೆಕ್ಕವನ್ನು ಕೊಡಬೇಕು. ಗೆರೆಯನ್ನೂ ಬೆಲೆಯೇರಿಕೆ ನೋಡಿ ವರ್ಷವರ್ಷ ಪರಿಶೀಲಿಸುತ್ತಾರೆ. ಇಂಧನ ಕಡಿಮೆ ಕುಡಿಯುವ ಕಾರಿಗೆ ಗೆರೆ ಇನ್ನೂ ಮೇಲಿದೆ. ನಮ್ಮ ದೇಶದ ಆದಾಯ ತೆರಿಗೆಯ ಹಂತಗಳೂ ಹೀಗೆಯೇ: ಒಂದು ಹಂತವನ್ನು ದಾಟಿದರೆ ದಾಟಿದ ಭಾಗಕ್ಕಷ್ಟೇ ಮುಂದಿನ ದರ, ಕೆಳಗಿನ ಭಾಗಕ್ಕೆ ಕೆಳಗಿನ ದರ. ಏರುವವನಿಗೆ ಮೆಟ್ಟಿಲು ಕಟ್ಟಿಕೊಡುವ ಕ್ರಮ ಇದು. ಗೃಹಸ್ಥನಿಗೂ ಇದರಲ್ಲಿ ನೆಮ್ಮದಿಯಿದೆ, ಸರಕಾರಕ್ಕೂ ಧನಿಕನಿಂದ ತಕ್ಕ ಪಾಲು ಸಲ್ಲುತ್ತದೆ.

ನಮ್ಮ ಮನೆಯಂಗಳದಲ್ಲಿ

ಇಂಗ್ಲೆಂಡಿನ ಗೆರೆಯನ್ನು ಕುರಿತು ಇಷ್ಟೆಲ್ಲ ಮಾತಾಡಿದ ಮೇಲೆ ನಮ್ಮ ನಾಡನ್ನೂ ನೋಡಬೇಡವೇ? ಕರ್ನಾಟಕದಲ್ಲಿ ಕಾರಿಗೆ ವರ್ಷವರ್ಷವೂ ತೆರಿಗೆಯಿಲ್ಲ. ಜನ ಲೈಫ್ ಟ್ಯಾಕ್ಸ್ ಎಂದು ಕರೆಯುವ ಜೀವಾವಧಿ ತೆರಿಗೆಯನ್ನು ನೋಂದಣಿಯ ಕಾಲಕ್ಕೆ ಒಮ್ಮೆಲೇ ಕಟ್ಟಬೇಕು. ಅದಕ್ಕೂ ಬೆಲೆಯೇ ಅಳತೆಗೋಲು. 2024ರಲ್ಲಿ ಜಾರಿಯಲ್ಲಿದ್ದ ದರಪಟ್ಟಿಯಂತೆ, ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ 5 ಲಕ್ಷ ರೂಪಾಯಿಯವರೆಗೆ ನೂರಕ್ಕೆ 13, ಅಲ್ಲಿಂದ 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲೆ 18. ಇದರ ಮೇಲೆ ಉಪಕರಗಳು ಬೇರೆ.

ಹತ್ತು ಲಕ್ಷದ ಗೆರೆಯನ್ನೇ ತೆಗೆದುಕೊಳ್ಳೋಣ. 9,95,000 ರೂಪಾಯಿಯ ಕಾರಿಗೆ ನೂರಕ್ಕೆ 14ರಂತೆ 1,39,300 ರೂಪಾಯಿ ತೆರಿಗೆ. 10,05,000 ರೂಪಾಯಿಯ ಕಾರಿಗೆ ನೂರಕ್ಕೆ 17ರಂತೆ, ಪೂರ್ತಿ ಬೆಲೆಯ ಮೇಲೆ, 1,70,850 ರೂಪಾಯಿ. ಕಾರಿನ ಬೆಲೆಯಲ್ಲಿ ಹತ್ತು ಸಾವಿರದ ಅಂತರ. ತೆರಿಗೆಯಲ್ಲಿ 31,550 ರೂಪಾಯಿಯ ಅಂತರ. ಇಲ್ಲಿಯೂ ಮೆಟ್ಟಿಲಿಲ್ಲ, ಕಂದಕವೇ ಇದೆ. ಬ್ರಿಟನ್ನಿಗಿಂತ ನಮ್ಮ ಕ್ರಮ ಒಂದು ವಿಷಯದಲ್ಲಿ ಮೇಲು: ಬೆಲೆ ಹೆಚ್ಚಿದಂತೆ ತೆರಿಗೆಯ ಮೊತ್ತವೂ ಹೆಚ್ಚುವುದರಿಂದ ಕೋಟಿ ರೂಪಾಯಿಯ ಕಾರಿನವನು ಹಗುರಾಗಿ ಪಾರಾಗುವುದಿಲ್ಲ. ಆದರೆ ಗೆರೆಯ ಅಂಚಿನಲ್ಲಿ ನಿಂತ ಮಧ್ಯಮ ವರ್ಗದವನಿಗೆ ಧಾರವಾಡದಲ್ಲಿಯೂ ಲಂಡನ್ನಿನಲ್ಲಿಯೂ ಒಂದೇ ಗತಿ.

ವಿದ್ಯುತ್ ಕಾರುಗಳಿಗೆ ನಮ್ಮ ರಾಜ್ಯ 2016ರಲ್ಲಿ ತೆರಿಗೆಯನ್ನು ಪೂರ್ತಿಯಾಗಿ ಬಿಟ್ಟುಕೊಟ್ಟಿತ್ತು. 2024ರ ತಿದ್ದುಪಡಿಯಿಂದ 25 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಿದ್ಯುತ್ ಕಾರುಗಳಿಗೆ ನೂರಕ್ಕೆ 10ರಂತೆ ಜೀವಾವಧಿ ತೆರಿಗೆ ವಿಧಿಸಿತು. ಇಂಥ ದರಗಳು ಬದಲಾಗುತ್ತಲೇ ಇರುತ್ತವೆ. ಆದ್ದರಿಂದ ಕೊಳ್ಳುವ ದಿನ ಯಾವ ದರ ನಡೆಯುತ್ತಿದೆಯೆಂಬುದನ್ನು ಆರ್.ಟಿ.ಓ. ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳುವುದು ಲೇಸು.

ಕೊಳ್ಳುವ ಮುನ್ನ

ಸರಕಾರಗಳು ಗೆರೆಯನ್ನು ತಿದ್ದುವವರೆಗೆ ಗೃಹಸ್ಥರು ಕೈಕಟ್ಟಿ ಕುಳಿತಿರಲಾಗದು. ಬ್ರಿಟನ್ನಿನಲ್ಲಿರುವ ಮಕ್ಕಳಿಗೆ ಈ ಕೆಲವು ಮಾತುಗಳನ್ನು ತಿಳಿಸಿರಿ.

ಹೊಸ ಕಾರು ಕೊಳ್ಳುವಾಗ ಷೋರೂಮಿನವರು ಹೇಳುವ ಬೆಲೆಯನ್ನು ನಂಬಿ ಕೂಡದೆ, ರಿಯಾಯಿತಿಗೆ ಮೊದಲಿನ ಬೆಲೆ, ಬಣ್ಣ ಮತ್ತು ಅಲಂಕಾರಗಳೆಲ್ಲ ಸೇರಿ ಎಷ್ಟಾಗುತ್ತದೆಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಗೆರೆಯ ಹತ್ತಿರವಿದ್ದರೆ ಪ್ರತಿಯೊಂದು ಅಲಂಕಾರವನ್ನೂ ಬೇಕೇ ಬೇಡವೇ ಎಂದು ಎರಡು ಸಲ ಯೋಚಿಸಬೇಕು.

ಹಳೆಯ ಕಾರು ಕೊಳ್ಳುವಾಗ ಅದರ ಮೊದಲ ನೋಂದಣಿಯ ದಿನಾಂಕವನ್ನೂ, ಅದು ಹೊಸದಿದ್ದಾಗಿನ ಬೆಲೆಪಟ್ಟಿಯ ಬೆಲೆಯನ್ನೂ ನೋಡಬೇಕು. ಗೆರೆ ದಾಟಿದ ಕಾರಾಗಿದ್ದು ಆರು ವರ್ಷ ತುಂಬದಿದ್ದರೆ, ಉಳಿದ ವರ್ಷಗಳ ಹೆಚ್ಚುವರಿ ತೆರಿಗೆಯನ್ನು ಲೆಕ್ಕ ಹಾಕಿ ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಬೇಕು. ಆರು ವರ್ಷ ತುಂಬಿದ್ದರೆ ಆ ಭಾರ ಕಳೆಯಿತೆಂದೇ ತಿಳಿಯಬಹುದು.

ಕಾರು ಮಾರಿದಾಗ ತೆರಿಗೆ ಹೊಸ ಯಜಮಾನನಿಗೆ ವರ್ಗವಾಗುವುದಿಲ್ಲ. ಮಾರಿದವನಿಗೆ ಉಳಿದ ಪೂರ್ಣ ತಿಂಗಳುಗಳ ಹಣ ಹಿಂದಕ್ಕೆ ಬರುತ್ತದೆ. ಕೊಂಡವನು ತಾನೇ ಹೊಸದಾಗಿ ಕಟ್ಟಿದ ಮೇಲೆಯೇ ಕಾರನ್ನು ರಸ್ತೆಗೆ ತರಬೇಕು. ತೆರಿಗೆಯನ್ನು ತಿಂಗಳ ಕಂತಿನಲ್ಲಿ ಕಟ್ಟುವ ಅನುಕೂಲವುಂಟು. ಆದರೆ ಅದಕ್ಕೆ ನೂರಕ್ಕೆ 5 ಹೆಚ್ಚು ಬೀಳುತ್ತದೆ. ಕೈಯಲ್ಲಿ ಹಣವಿದ್ದವರು ವರ್ಷಕ್ಕೊಮ್ಮೆ ಕಟ್ಟುವುದೇ ಮಿಗಿಲು.

ಇಲ್ಲಿ ಊರಿನಲ್ಲಿರುವವರಿಗೂ ಒಂದು ಮಾತು. 5, 10, 20 ಲಕ್ಷದ ಗೆರೆಗಳ ಅಂಚಿನಲ್ಲಿರುವ ಕಾರನ್ನು ಆರಿಸುವಾಗ, ಅದರ ಕೆಳಗಿನ ಮಾದರಿಯನ್ನೂ ಪಕ್ಕದಲ್ಲಿಟ್ಟು, ತೆರಿಗೆ ಸೇರಿಸಿದ ಮೇಲೆ ಎರಡಕ್ಕೂ ನಿಜವಾದ ಅಂತರ ಎಷ್ಟೆಂದು ಕಾಗದದ ಮೇಲೆ ಕೂಡಿಸಿ ನೋಡಿರಿ. ಮಗಳ ಮದುವೆಯ ಸಂಭ್ರಮದಲ್ಲಿಯೋ, ಬೀಗರೆದುರಿಗೆ ಕಡಿಮೆಯಾಗಬಾರದೆಂದೋ ಒಂದು ಮೆಟ್ಟಿಲು ಮೇಲಿನ ಮಾದರಿಗೆ ಕೈಹಾಕುವ ಮನೆಗಳನ್ನು ನಾನು ಬಲ್ಲೆ. ಆ ಒಂದು ಮೆಟ್ಟಿಲಿನ ಬೆಲೆ ಷೋರೂಮಿನ ಕಾಗದದಲ್ಲಿ ಪೂರ್ತಿ ಕಾಣಿಸುವುದಿಲ್ಲ, ಆರ್.ಟಿ.ಓ. ರಸೀದಿಯಲ್ಲಿ ಕಾಣಿಸುತ್ತದೆ.

ನನ್ನ ತಂಗಿಗೆ ಈ ಸಂಗತಿಯನ್ನು ತಿಳಿಸಬಾರದೆಂದು ಮಗ ಬಚ್ಚಿಟ್ಟಿದ್ದನು. ಆದರೂ ಹೇಗೋ ತಿಳಿಯಿತು. “ಅಣ್ಣಾ, ನನ್ನ ಬಾಯಾಗಿಂದ ಬಂದ ಒಂದ್ ಮಾತಿಗೆ ಹುಡುಗ ಐದ್ ವರ್ಷ ದಂಡ ಕಟ್ಟೂಹಂಗಾತಲ್ಲ” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ತಪ್ಪು ನಿನ್ನದಲ್ಲ ತಂಗೀ, ನೀನು ಬಣ್ಣವನ್ನು ಹೇಳಿದೆ, ಗೆರೆಯನ್ನು ಎಳೆದವರು ಬೇರೆಯವರು ಎಂದು ನಾನು ಸಮಾಧಾನ ಹೇಳಿದೆನು. ಮಗನಾದರೋ ಕಾರನ್ನು ಮಾರದೆ ಇಟ್ಟುಕೊಂಡಿದ್ದಾನೆ. ಅವನು ಐದನೆಯ ಮತ್ತು ಕೊನೆಯ ಕಂತನ್ನು ಕಟ್ಟುವುದು 2028ರ ಜೂನ್‌ನಲ್ಲಿ. 2029ರ ಜೂನ್‌ನಿಂದ ಸಾಮಾನ್ಯ ದರ ಮಾತ್ರ. ಮಾರಿದರೆ ಆ ಭಾರ ಇನ್ನೊಬ್ಬ ಗೃಹಸ್ಥನ ತಲೆಯ ಮೇಲೆ ಬೀಳುತ್ತದೆ, ಅದಕ್ಕಾಗಿ ಅವನು ನನಗೆ ಬೆಲೆಯನ್ನೂ ಇಳಿಸುತ್ತಾನೆ, ಹಾಗಿದ್ದ ಮೇಲೆ ಇರಲಿ ಬಿಡ್ರಿ ಮಾಮಾ ಎನ್ನುತ್ತಾನೆ. ಕಳೆದ ಸಲ ತಾಯಿಯನ್ನು ವಿಮಾನ ನಿಲ್ದಾಣದಿಂದ ಕರೆತರಲು ಅದೇ ದಾಳಿಂಬೆ ಬಣ್ಣದ ಕಾರಿನಲ್ಲಿ ಆರು ಮಂದಿಗೂ ಜಾಗ ಉಂಟೆಂದು ಮಕ್ಕಳನ್ನೂ ಕೂಡಿಸಿಕೊಂಡು ಹೋಗಿದ್ದನಂತೆ.

ಕಾರು ಮನೆಯವರನ್ನೆಲ್ಲ ಒಟ್ಟಿಗೆ ಕೂಡಿಸಿಕೊಂಡು ಹೋಗಲಿಕ್ಕಾಗಿ. ಆ ಕೆಲಸವನ್ನು ಅದು ಮಾಡುತ್ತಿರುವವರೆಗೆ ಕೊಟ್ಟ ಹಣ ವ್ಯರ್ಥವಲ್ಲ. ಆದರೆ ಅರಿಯದೆ ಕೊಡುವುದಕ್ಕೂ ಅರಿತು ಕೊಡುವುದಕ್ಕೂ ಅಂತರವಿದೆ. ಹಣ ಅಷ್ಟೇ ಹೋದರೂ, ಅರಿತು ಕೊಟ್ಟವನಿಗೆ ಮೋಸಹೋದೆನೆಂಬ ಸಂಕಟವಿರುವುದಿಲ್ಲ. ನಿಮ್ಮ ಮನೆಯ ಮಕ್ಕಳಿಗೆ ಈ ಪುಟವನ್ನು ಓದಿ ಹೇಳಿರಿ. ದೂರದಲ್ಲಿದ್ದರೆ ಕಳುಹಿಸಿಕೊಡಿರಿ. ಮುಂದಿನ ಸಂಚಿಕೆಯಲ್ಲಿ ಇನ್ನೊಂದು ಸಂಗತಿಯೊಡನೆ ಭೇಟಿಯಾಗೋಣ.